ಪೆಟ್ಟಿಗೆ ಮೌನವಾಗಿರಲಿ, ಕಾಗದ ಮಾತನಾಡಲಿ



ಈ ತಿಂಗಳ ಅಂಕಣಕ್ಕೆ ವಿಷಯವನ್ನು ನಾವು ಹುಡುಕಬೇಕಾಗಲಿಲ್ಲ. ಎರಡು ಪತ್ರಗಳೇ ಅದನ್ನು ಹೊತ್ತು ತಂದವು. ಒಂದು ದೇವದುರ್ಗದ ಹಿರಿಯ ತಾಯಿಯೊಬ್ಬರದು. ಅವರ ಮೊಮ್ಮಗನ ಲಿಂಗದೀಕ್ಷೆಗೆ ಬೆಳ್ಳಿಯ ಕರಡಿಗೆ ಬೇಕಾಗಿದೆ. ಮನೆಗೆ ಬರಲಿರುವ ಕಿರಿಯ ಸೊಸೆಗೆ ಒಂದು ಜೊತೆ ಪಾಟಲಿ ಬೇಕಾಗಿವೆ. ಬೆಂಗಳೂರಿನಲ್ಲಿರುವ ಮಗ ಇವೆರಡನ್ನೂ ಮೊಬೈಲಿನಲ್ಲಿಯೇ ಆರಿಸಿಟ್ಟು, "ಅವ್ವಾ, ನೀ ಎಲ್ಲಿಗೂ ಹೋಗಬ್ಯಾಡ, ಮನಿ ಬಾಗಿಲಿಗೇ ಬರ್ತಾವ" ಎಂದಿದ್ದಾನೆ. "ಬಂಗಾರವೇನು ಸೀರೆಯೇ, ಯಾರೋ ಹುಡುಗ ಮೋಟಾರು ಸೈಕಲ್ಲಿನ ಮೇಲೆ ತಂದು ಕೊಟ್ಟು ಹೋಗಲು? ನಮಗೆ ಧೈರ್ಯ ಸಾಲದು, ತಿಳಿದವರು ತಿಳಿಸಬೇಕು" ಎಂದು ಆ ತಾಯಿ ಬರೆದಿದ್ದಾರೆ.

ಇನ್ನೊಂದು ಪತ್ರ ಮಾನ್ವಿಯ ಗೃಹಸ್ಥರೊಬ್ಬರದು. ಅವರ ಮಗ ಸರಾಫಿ ಅಂಗಡಿಯನ್ನು ನಡೆಸುತ್ತಿದ್ದು, ಕಳೆದ ವರ್ಷದಿಂದ ಜಾಲತಾಣದ ಮೂಲಕವೂ ಆಭರಣ ಮಾರಲು ತೊಡಗಿದ್ದಾನೆ. ಹುಬ್ಬಳ್ಳಿ, ಸೋಲಾಪುರ, ಹೈದರಾಬಾದುಗಳಿಂದಲೂ ಬೇಡಿಕೆ ಬರುತ್ತಿದೆಯಂತೆ. "ವ್ಯಾಪಾರ ಬೆಳೆದುದು ಸಂತೋಷವೇ. ಆದರೆ ಮಾಲು ಅಂಗಡಿಯ ಮೆಟ್ಟಿಲಿಳಿದ ಮೇಲೆ ಗಿರಾಕಿಯ ಕೈ ಸೇರುವ ತನಕ ನನಗೆ ನಿದ್ರೆ ಹತ್ತುವುದಿಲ್ಲ" ಎಂಬುದು ಅವರ ಅಳಲು.

ಒಬ್ಬರದು ಪಡೆಯುವವರ ಚಿಂತೆ, ಇನ್ನೊಬ್ಬರದು ಕಳುಹಿಸುವವರ ಚಿಂತೆ. ಎರಡೂ ಒಂದೇ ದಾರಿಯ ಎರಡು ತುದಿಗಳು. ಆದುದರಿಂದ ಇಬ್ಬರಿಗೂ ಒಂದೇ ಉತ್ತರವನ್ನು ಬರೆಯಲು ಸಂಕಲ್ಪಿಸಿದ್ದೇವೆ. ಇಂಥ ಪತ್ರಗಳು ಇನ್ನೂ ಅನೇಕ ಮನೆಗಳಲ್ಲಿ ಬರೆಯದೆ ಉಳಿದಿರಬಹುದೆಂಬುದು ನಮ್ಮ ಊಹೆ.

ಬಂಗಾರದ ವಿಷಯವಾಗಿ ರಾಯಚೂರು ಸೀಮೆಯವರಿಗೆ ಯಾರೂ ಹೊಸದಾಗಿ ಹೇಳಬೇಕಾದುದೇನಿಲ್ಲ. ನಮ್ಮ ನೆಲವೇ ಬಂಗಾರದ ನೆಲ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಯ ಹೆಸರನ್ನು ಉಳಿಸಿಕೊಂಡು ಬಂದುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿ. ಅದೇ ಕಂಪನಿಯ ಊಟಿ ಗಣಿ ದೇವದುರ್ಗ ತಾಲ್ಲೂಕಿನಲ್ಲಿದ್ದರೆ ಹೀರಾ-ಬುದ್ದಿನ್ನಿ ಗಣಿ ಮಾನ್ವಿಯ ಕಡೆಗಿದೆ. ಮಸ್ಕಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು 1915ರಲ್ಲಿ ಕಂಡವರೂ ಪಂಡಿತರಲ್ಲ. ಈ ಭಾಗದಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಇಂಜಿನಿಯರರು. ಹೀಗೆ ಸಾವಿರಾರು ವರ್ಷಗಳಿಂದ ಈ ನೆಲದಿಂದ ಬಂಗಾರ ಹೊರಗೆ ಹೋಗುತ್ತಲೇ ಇದೆ. ಮುಂಬಯಿಯಿಂದ ಬಂದ ರೈಲುಹಾದಿಯೂ ಮದರಾಸಿನಿಂದ ಬಂದ ರೈಲುಹಾದಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ. ಅಂದಿನಿಂದ ಬೆಲೆಬಾಳುವ ವಸ್ತುಗಳು ನಮ್ಮ ಊರನ್ನು ಹಾದು ಹೋಗುತ್ತಿವೆ, ಬರುತ್ತಿವೆ. ಆದುದರಿಂದ ಬಂಗಾರವನ್ನು ದೂರಕ್ಕೆ ಕಳುಹಿಸುವುದು ಹೊಸದಲ್ಲ. ಅಂಗಡಿಯನ್ನೇ ನೋಡದೆ, ಮಾರುವವನ ಮುಖವನ್ನೇ ಕಾಣದೆ ತರಿಸಿಕೊಳ್ಳುವುದು ಮಾತ್ರ ಹೊಸದು. 2008ರಲ್ಲಿ ಚೆನ್ನೈಯಲ್ಲಿ ಕ್ಯಾರಟ್‌ಲೇನ್, 2011ರಲ್ಲಿ ಬೆಂಗಳೂರಿನಲ್ಲಿ ಬ್ಲೂಸ್ಟೋನ್ ಎಂಬ ಕಂಪನಿಗಳು ಆರಂಭವಾದಾಗ, ಒಡವೆಯನ್ನು ಹೀಗೂ ಕೊಳ್ಳುವರೇ ಎಂದು ನಗುತ್ತಿದ್ದವರಲ್ಲಿ ನಾವೂ ಒಬ್ಬರು. ಇಂದು ತಾಲ್ಲೂಕು ಊರುಗಳ ಮನೆಗಳಲ್ಲಿಯೂ ಅದು ನಡೆದಿದೆ.

ಉಪದೇಶಕ್ಕೆ ಮೊದಲು ನಮ್ಮ ಮನೆತನದಲ್ಲಿಯೇ ನಡೆದ ಒಂದು ಸಂಗತಿಯನ್ನು ಸಂಕೋಚದಿಂದಲೇ ಹೇಳಿಕೊಳ್ಳಬೇಕಾಗಿದೆ. ಸಂಕೋಚವೇಕೆಂದರೆ, ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ನಮ್ಮ ಅಕ್ಕನ ಮಗ ರಾಯಚೂರಿನಲ್ಲಿ ಸಣ್ಣದೊಂದು ಆಭರಣದ ಅಂಗಡಿಯನ್ನು ಇಟ್ಟುಕೊಂಡಿದ್ದಾನೆ. ನಂಬಿಗಸ್ತ ಪತ್ತಾರರಿಂದ ಮಾಡಿಸಿದ ಬೋರಮಾಳ, ಝುಮಕಿ, ಬೆಳ್ಳಿಯ ಕರಡಿಗೆಗಳ ಚಿತ್ರಗಳನ್ನು ಮೊಬೈಲಿನ ಮೂಲಕ ತೋರಿಸಿ, ಹಣ ಜಮೆಯಾದ ಮೇಲೆ ಕೊರಿಯರಿನಲ್ಲಿ ಕಳುಹಿಸುತ್ತಿದ್ದ. 2023ರ ಶ್ರಾವಣದಲ್ಲಿ ಹುಬ್ಬಳ್ಳಿಯ ಒಂದು ಮನೆಯವರು ಇಪ್ಪತ್ತು ಗ್ರಾಂ ತೂಕದ ಬೋರಮಾಳವನ್ನು ಬೇಡಿದರು. ನಮ್ಮ ಬಳಗಕ್ಕೆ ದೂರದಿಂದ ಬೀಗರಾಗಬೇಕಾದವರು. ಲಕ್ಷ ರೂಪಾಯಿಗೂ ಮೀರಿದ ಮಾಲು. ಅದನ್ನು ಕಳುಹಿಸುವ ಸಂಜೆ ಅಳಿಯ ನಮ್ಮ ಮನೆಗೆ ಬಂದಿದ್ದ. "ಮಾಮಾ, ಬಂಗಾರ ಅಂತ ಬರದ್ರ ವಿಮಾ ಅದು ಇದು ಅಂತ ಖರ್ಚು ಭಾಳ ಆಗ್ತದ. ಇಮಿಟೇಶನ್ ಸಾಮಾನು, ಐದುನೂರು ರೂಪಾಯಿ ಅಂತ ಬರದುಬಿಡ್ತೀನಿ. ಯಾರಿಗೂ ಸಂಶಯಾನೂ ಬರಂಗಿಲ್ಲ" ಎಂದ. ನಾವು ಬೇಡವೆನ್ನಲಿಲ್ಲ. ಹುಡುಗ ಜಾಣನಿದ್ದಾನೆಂದು ತಲೆದೂಗಿದೆವು.

ನಾಲ್ಕನೆಯ ದಿನ ಪಾರ್ಸಲು ಹುಬ್ಬಳ್ಳಿಯ ಮನೆಯನ್ನು ಸೇರಿತು. ಮನೆಯ ಯಜಮಾನರು ಸಹಿ ಮಾಡಿ ಪಡೆದರು; ತಂದ ಹುಡುಗ ಹೊರಟುಹೋದ. ಸಂಜೆ ಎಲ್ಲರ ಮುಂದೆ ತೆರೆದು ನೋಡಿದರೆ ಒಳಗಿನ ಡಬ್ಬಿ ಬರಿದಾಗಿತ್ತು. ಪೆಟ್ಟಿಗೆಯ ತಳಭಾಗವನ್ನು ಸೀಳಿ ಮತ್ತೆ ಅಂಟುಪಟ್ಟಿ ಹಚ್ಚಿದ್ದು ಆಮೇಲೆ ಕಣ್ಣಿಗೆ ಬಿತ್ತು. ಆದರೆ ಆ ಪಟ್ಟಿಯನ್ನು ಯಾರು, ಎಲ್ಲಿ ಹಚ್ಚಿದರು? ಸಾಗಿಸಿದವರು, "ಸರಿಯಾಗಿ ತಲುಪಿದೆಯೆಂದು ಸಹಿ ಆಗಿದೆ, ನೀವೇ ಬರೆದ ಬೆಲೆ ಐದುನೂರು, ಅದನ್ನು ಕೊಡುತ್ತೇವೆ" ಎಂದರು. ಬೋರಮಾಳವನ್ನು ಒಳಗಿಟ್ಟುದಕ್ಕೆ ಅಳಿಯನ ಬಳಿ ಸಾಕ್ಷಿ ಇರಲಿಲ್ಲ. ಬರಿ ಡಬ್ಬಿ ಬಂದುದಕ್ಕೆ ಹುಬ್ಬಳ್ಳಿಯವರ ಬಳಿ ಸಾಕ್ಷಿ ಇರಲಿಲ್ಲ.

ಬಂಗಾರ ಹೋದ ದುಃಖ ದೊಡ್ಡದೇ. ಅಳಿಯ ಎರಡನೆಯ ಬೋರಮಾಳವನ್ನು ಸ್ವಂತ ಖರ್ಚಿನಿಂದ ಮಾಡಿಸಿಕೊಟ್ಟ. ಅದಕ್ಕಾಗಿ ನಮ್ಮ ಅಕ್ಕ ತನ್ನ ಕೈಯ ಬಿಲ್ವಾರಗಳನ್ನು ಅಡವಿಟ್ಟಳು. ಆದರೆ ಅದಕ್ಕಿಂತ ದೊಡ್ಡ ದುಃಖ ಬೇರೆಯದಿತ್ತು. ಇವನು ಕಳುಹಿಸಲೇ ಇಲ್ಲವೇನೋ ಎಂದು ಅವರ ಮನಸ್ಸಿನಲ್ಲಿ ಬಂತು. ಅವರು ಪಡೆದೂ ಇಲ್ಲವೆನ್ನುತ್ತಾರೇನೋ ಎಂದು ಇವರ ಮನಸ್ಸಿನಲ್ಲಿ ಬಂತು. ಬಾಯಿ ಬಿಟ್ಟು ಯಾರೂ ಆಡಲಿಲ್ಲ. ಆದರೆ ಮುಂದಿನ ಮದುವೆಯಲ್ಲಿ ಎರಡೂ ಮನೆಯವರು ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರು. ಪ್ರಾಮಾಣಿಕರಾದ ಎರಡು ಮನೆತನಗಳ ನಡುವೆ ಇಪ್ಪತ್ತು ಗ್ರಾಂ ಬಂಗಾರ ತಂದಿಟ್ಟ ದೂರ ಅದು. ಅಂದು ನಾವು ತಲೆದೂಗುವ ಬದಲು ಒಂದು ಮಾತು ಹೇಳಿದ್ದರೆ ಅದು ತಪ್ಪುತ್ತಿತ್ತು.

ಆ ಪ್ರಸಂಗದ ತರುವಾಯ ತಿಳಿದವರನ್ನು ಕೇಳಿ, ಕಾನೂನುಗಳನ್ನು ಓದಿ ನಾವು ಕಂಡುಕೊಂಡ ತತ್ವ ಒಂದೇ. ಬೆಲೆಬಾಳುವ ವಸ್ತುವಿನ ಗುಟ್ಟನ್ನು ಬೀದಿಗೆ ಹೇಳಬಾರದು. ಆದರೆ ಹೊಣೆ ಹೊರುವವನಿಗೆ ಹೇಳಲೇಬೇಕು. ನಮ್ಮ ಜನ ಬಹುಮಟ್ಟಿಗೆ ಇದರ ವಿಪರೀತವನ್ನು ಮಾಡುತ್ತಾರೆ. ಪೆಟ್ಟಿಗೆಯ ಮೇಲೆ ಆಭರಣದ ಅಂಗಡಿಯ ಹೆಸರನ್ನು ಬಣ್ಣದಲ್ಲಿ ಮುದ್ರಿಸುತ್ತಾರೆ, ಓಣಿಗೆಲ್ಲ ಸುದ್ದಿ ಹೇಳುತ್ತಾರೆ. ರಸೀದಿಯಲ್ಲಿ ಮಾತ್ರ "ಬಟ್ಟೆ" ಎಂದು ಬರೆಯಿಸುತ್ತಾರೆ.

ಈ ತತ್ವ ನಮ್ಮ ದೇಶದ ಕಾನೂನಿಗೆ ಬಂದು ನೂರಾ ಅರವತ್ತು ವರ್ಷಗಳಾದವು. 1865ರ ಸಾಗಣೆದಾರರ ಕಾಯಿದೆಯಲ್ಲಿ ಚಿನ್ನ, ಬೆಳ್ಳಿ, ಮುತ್ತು, ರತ್ನ, ಆಭರಣ ಮುಂತಾದವುಗಳ ಪಟ್ಟಿಯೇ ಇತ್ತು. ಅಂಥ ವಸ್ತುವಿನ ಬೆಲೆ 100 ರೂಪಾಯಿಗೆ ಮೀರಿದ್ದಲ್ಲಿ, ಅದೇನೆಂಬುದನ್ನೂ ಅದರ ಬೆಲೆಯನ್ನೂ ಒಪ್ಪಿಸುವಾಗಲೇ ಸ್ಪಷ್ಟವಾಗಿ ತಿಳಿಸಿರಬೇಕು. ಇಲ್ಲದಿದ್ದರೆ ಕಳೆದುಹೋದುದಕ್ಕೆ ಸಾಗಣೆದಾರನು ಸಾಮಾನ್ಯವಾಗಿ ಹೊಣೆಯಲ್ಲ ಎಂಬುದು ಅದರ ಸಾರ. ಆ ಕಾಯಿದೆಯ ಸ್ಥಾನದಲ್ಲಿ 2007ರ ರಸ್ತೆ ಸಾಗಣೆ ಕಾಯಿದೆ ಬಂದಿದೆ. ಅದರ ಅಡಿಯಲ್ಲಿ 2011ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಹೆಚ್ಚಿನ ಹೊಣೆಗಾಗಿ ಹೆಚ್ಚಿನ ದರ ಕೊಡದೆ ಕಳುಹಿಸಿದ ಮಾಲು ನಷ್ಟವಾದರೆ ಸಾಮಾನ್ಯವಾಗಿ ದೊರೆಯುವ ಪರಿಹಾರ ಸಾಗಣೆಯ ಬಾಡಿಗೆಯ ಹತ್ತುಪಟ್ಟಿಗೆ ಸೀಮಿತ. ಅದೂ ನಾವೇ ಬರೆದುಕೊಟ್ಟ ಬೆಲೆಯನ್ನು ಮೀರುವಂತಿಲ್ಲ. ನೂರೈವತ್ತು ರೂಪಾಯಿ ಬಾಡಿಗೆ ಕೊಟ್ಟವನಿಗೆ ಹೆಚ್ಚೆಂದರೆ ಒಂದೂವರೆ ಸಾವಿರ. ಐದುನೂರೆಂದು ಬರೆದವನಿಗೆ ಐದುನೂರು. ನಮ್ಮ ಅಳಿಯನ ಲೆಕ್ಕ ಮುಗಿದುದೇ ಹೀಗೆ.

ಕೊಳ್ಳುವವರ ಪರವಾಗಿಯೂ ಒಂದು ಹಳೆಯ ಕಾನೂನು ಇದೆ. 1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮು, ಮಾರುವವನು ವಸ್ತುವಿನ ಸ್ವರೂಪಕ್ಕೆ ತಕ್ಕಂತೆ ಸಾಗಣೆದಾರನೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂದು ವಿಧಿಸುತ್ತದೆ. ಹಾಗೆ ಮಾಡದೆ ಮಾಲು ದಾರಿಯಲ್ಲಿ ನಷ್ಟವಾದರೆ, ತನಗೆ ಅದು ತಲುಪಿದಂತೆಯೇ ಎಂದು ಒಪ್ಪಿಕೊಳ್ಳಲು ಕೊಳ್ಳುವವನು ನಿರಾಕರಿಸಬಹುದು. ಬಂಗಾರವನ್ನು ಬಟ್ಟೆಯೆಂದು ಕಳುಹಿಸಿದ ವ್ಯಾಪಾರಿ, ಉಳಿಸಿದ ನಾಲ್ಕು ಕಾಸಿಗಾಗಿ ಇಡೀ ಮಾಲಿನ ಹೊಣೆಯನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ.

ಲೋಕಪ್ರಸಿದ್ಧವಾದ ಎರಡು ವಜ್ರಗಳ ಪ್ರಯಾಣವನ್ನು ಇಲ್ಲಿ ನೆನೆಯುವುದು ಉಚಿತ. 1905ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ 3,106 ಕ್ಯಾರಟ್ ತೂಕದ ಕಲಿನನ್ ವಜ್ರ ದೊರೆಯಿತು. ಅದನ್ನು ಲಂಡನ್ನಿಗೆ ಕಳುಹಿಸಬೇಕಾದಾಗ ನಕಲಿ ಹರಳೊಂದನ್ನು ಪತ್ತೇದಾರರ ಕಾವಲಿನಲ್ಲಿ ಹಡಗಿನ ತಿಜೋರಿಯಲ್ಲಿಟ್ಟರು. ನಿಜವಾದ ವಜ್ರ ಸಾದಾ ಪೆಟ್ಟಿಗೆಯೊಂದರಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಇನ್ನೊಂದು ಹೋಪ್ ಎಂಬ ನೀಲಿ ವಜ್ರ. ನಮ್ಮ ದೇವದುರ್ಗದ ಬದಿಯಲ್ಲಿ ಹರಿದು ಹೋಗುವ ಕೃಷ್ಣೆಯೇ ಮುಂದೆ ಆಂಧ್ರದಲ್ಲಿ ಹಾದುಹೋಗುವ ಕೊಲ್ಲೂರಿನ ಗಣಿಯಿಂದ ಅದು ಬಂದುದೆಂದು ತಜ್ಞರ ಅಭಿಪ್ರಾಯ. ಅದರ ಒಡೆಯರಾಗಿದ್ದ ಹ್ಯಾರಿ ವಿನ್‌ಸ್ಟನ್ ಎಂಬ ವ್ಯಾಪಾರಿ 1958ರ ನವೆಂಬರಿನಲ್ಲಿ ಅದನ್ನು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಕಂದು ಕಾಗದ ಸುತ್ತಿದ ಪೆಟ್ಟಿಗೆಯಲ್ಲಿ ಅಂಚೆಯಲ್ಲೇ ಕಳುಹಿಸಿದರು. ತಗಲಿದ ಒಟ್ಟು ವೆಚ್ಚ 145 ಡಾಲರು 29 ಸೆಂಟು. ಅದರಲ್ಲಿ ಅಂಚೆಯ ಶುಲ್ಕ 2 ಡಾಲರು 44 ಸೆಂಟು ಮಾತ್ರ. ಉಳಿದುದೆಲ್ಲ ಹತ್ತು ಲಕ್ಷ ಡಾಲರುಗಳ ವಿಮೆಯ ಸಲುವಾಗಿ. ಪೆಟ್ಟಿಗೆ ಏನನ್ನೂ ಹೇಳಲಿಲ್ಲ. ಕಾಗದ ಎಲ್ಲವನ್ನೂ ಹೇಳಿತು. ಸಾದಾ ಪೆಟ್ಟಿಗೆಯನ್ನು ಮಾತ್ರ ನೋಡಿ ವಿಮೆಯನ್ನು ಮರೆತರೆ ಅರ್ಧ ಪಾಠ ಕಲಿತಂತೆ.

ಈಗ ಮಾನ್ವಿಯ ಗೃಹಸ್ಥರಿಗೆ ನಾಲ್ಕು ಮಾತು. ಹಿಂದೆ ವಿಮೆ ಮಾಡಿದ ಅಂಚೆ ಪಾರ್ಸಲನ್ನು ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅಲ್ಲಲ್ಲಿ ಅರಗಿನ ಮುದ್ರೆ ಒತ್ತಿ, ತೂಕವನ್ನು ಬರೆಯುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಮುದ್ರೆ ಒಡೆಯದೆ ಒಳಗಿನದನ್ನು ತೆಗೆಯಲಾಗದು; ತೆಗೆದರೆ ತೂಕ ಸುಳ್ಳು ಹೇಳದು. ಇಂದಿನ ಉಪಾಯವೂ ಅದೇ, ವೇಷ ಮಾತ್ರ ಬೇರೆ. ಒಮ್ಮೆ ಅಂಟಿಸಿದರೆ ಹರಿಯದೆ ತೆರೆಯಲಾಗದ, ಪ್ರತಿಯೊಂದಕ್ಕೂ ಬೇರೆ ಸಂಖ್ಯೆಯಿರುವ ಪ್ಲಾಸ್ಟಿಕ್ ಚೀಲಗಳು ಬಂದಿವೆ. ಒಡವೆಯನ್ನು ಅಲುಗದಂತೆ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಈ ಚೀಲದಲ್ಲಿ ಮುಚ್ಚಿ, ಚೀಲವನ್ನು ಗಟ್ಟಿಯಾದ ಸಾದಾ ರಟ್ಟಿನ ಪೆಟ್ಟಿಗೆಯಲ್ಲಿಡಬೇಕು. ಹೊರಗೆ ಕಳುಹಿಸುವವರ ವಿಳಾಸದಲ್ಲಿ "ಜ್ಯುವೆಲ್ಲರ್ಸ್", "ಗೋಲ್ಡ್" ಎಂಬ ಪದಗಳು ಬೇಡ. ಹೆಸರಿನ ಮೊದಲಕ್ಷರಗಳು ಸಾಕು.

ಒಡವೆಯನ್ನು ತೂಗುವುದರಿಂದ ಮೊದಲುಗೊಂಡು ಪೆಟ್ಟಿಗೆಯನ್ನು ಮುಚ್ಚುವವರೆಗೆ ಎಲ್ಲೂ ತಡೆಯದೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು. ಚೀಲದ ಸಂಖ್ಯೆ ಕಾಣಿಸಬೇಕು, ತಕ್ಕಡಿಯ ಅಂಕಿ ಕಾಣಿಸಬೇಕು. ಮುಚ್ಚಿದ ಪೆಟ್ಟಿಗೆಯ ಒಟ್ಟು ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ರಸೀದಿಯ ಮೇಲೆ ಬರೆಯಿಸಿ, ಅದನ್ನೇ ಗಿರಾಕಿಗೂ ತಿಳಿಸಬೇಕು. ಶನಿವಾರ ಸಂಜೆಯೋ ಹಬ್ಬದ ಮುನ್ನಾದಿನವೋ ಒಪ್ಪಿಸಿದ ಪಾರ್ಸಲು ಯಾವುದೋ ಗೋದಾಮಿನಲ್ಲಿ ಎರಡು ದಿನ ಬಿದ್ದಿರುತ್ತದೆ. ನಿಂತ ಮಾಲಿಗೇ ಕಳ್ಳನ ಕಣ್ಣು ಹೆಚ್ಚು. ವಾರದ ಮೊದಲ ದಿನಗಳಲ್ಲಿ ಕಳುಹಿಸುವುದು ಲೇಸು.

ಯಾರ ಕೈಯಲ್ಲಿ ಕಳುಹಿಸಬೇಕೆಂಬುದು ಮುಖ್ಯ ಪ್ರಶ್ನೆ. ಸಾಮಾನ್ಯ ಕೊರಿಯರುಗಳಲ್ಲಿ ಅನೇಕವು ತಮ್ಮ ಷರತ್ತುಗಳಲ್ಲಿಯೇ ಬಂಗಾರ, ಆಭರಣಗಳನ್ನು ಸ್ವೀಕರಿಸುವುದಿಲ್ಲವೆಂದು ಅಥವಾ ಅವಕ್ಕೆ ಹೊಣೆಯಾಗುವುದಿಲ್ಲವೆಂದು ಸಣ್ಣ ಅಕ್ಷರದಲ್ಲಿ ಅಚ್ಚುಹಾಕಿಸಿರುತ್ತವೆ. ಆ ಸಣ್ಣ ಅಕ್ಷರವನ್ನು ಓದದೆ ಸಹಿ ಮಾಡಬಾರದು. ಆಭರಣ ಸಾಗಿಸುವುದನ್ನೇ ಕಾಯಕವಾಗಿ ಮಾಡಿಕೊಂಡಿರುವ ಬೆಂಗಳೂರಿನ ಸೀಕ್ವೆಲ್, ಮುಂಬಯಿಯ ಬಿ.ವಿ.ಸಿ. ಮುಂತಾದ ಸಂಸ್ಥೆಗಳಿವೆ. ಅವು ತಮ್ಮ ಊರಿನವರೆಗೆ ಬರುತ್ತವೆಯೇ ಎಂಬುದನ್ನು ಪಿನ್‌ಕೋಡ್ ಹೇಳಿ ವಿಚಾರಿಸಬೇಕು. ಅಂಚೆಯ ಮೂಲಕ ಕಳುಹಿಸುವುದಾದರೆ, 2025ರಲ್ಲಿ ರಿಜಿಸ್ಟರ್ಡ್ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ವಿಮೆಯ ಈಗಿನ ಮಿತಿಯನ್ನೂ ಶುಲ್ಕವನ್ನೂ ಪ್ರಧಾನ ಅಂಚೆ ಕಚೇರಿಯಲ್ಲಿ ಕೇಳಿ ತಿಳಿದುಕೊಂಡೇ ಮುಂದುವರಿಯಬೇಕು. ವಿಮೆಯನ್ನು ಪೂರ್ತಿ ಬೆಲೆಗೆ ಮಾಡಿಸಬೇಕು. ತಮ್ಮ ಅಂಗಡಿಯ ಬಾಗಿಲಿನಿಂದ ಗಿರಾಕಿಯ ಮನೆಯ ಬಾಗಿಲಿನವರೆಗೂ ಅದು ಇರಬೇಕು. ಗಿರಾಕಿ ಬೇಡವೆಂದು ಹಿಂದಿರುಗಿಸಿದಾಗ ಮರುಪ್ರಯಾಣಕ್ಕೂ ವಿಮೆ ಇದೆಯೇ ಎಂದು ಕೇಳುವುದನ್ನು ಅನೇಕರು ಮರೆಯುತ್ತಾರೆ. ಸುಳ್ಳು ವಿವರ ಬರೆದ ವಿಮೆ ಮಾತ್ರ ವಿಮೆಯೇ ಅಲ್ಲ.

ಕಳ್ಳರು ದಾರಿಯಲ್ಲಿಯೇ ಇರಬೇಕೆಂದಿಲ್ಲ, ಗಿರಾಕಿಯ ವೇಷದಲ್ಲಿಯೂ ಬರುತ್ತಾರೆ. ಎಂದೂ ವ್ಯವಹರಿಸದವರು ಒಮ್ಮೆಲೇ ದೊಡ್ಡ ಒಡವೆಯನ್ನು ಬೇಡಿ, "ನಾಳೆಯೇ ಬೇಕು" ಎಂದು ಅವಸರಿಸಿ, ಮಾಲು ಹೊರಟ ಮೇಲೆ ವಿಳಾಸ ಬದಲಿಸಿರೆಂದರೆ ಕೈ ತಡೆಯಬೇಕು. ಹಣ ಕಳುಹಿಸಿದ್ದಾಗಿ ಚಿತ್ರ ತೋರಿಸಿದರೆ ಸಾಲದು. ತಮ್ಮ ಬ್ಯಾಂಕಿನ ಖಾತೆಯಲ್ಲಿ ಜಮೆಯಾದುದನ್ನು ಕಣ್ಣಾರೆ ಕಾಣಬೇಕು. ಮಾಲು ಮುಟ್ಟಿದ ಮೇಲೆ ಹಣವೆಂಬ ಪದ್ಧತಿ ಬಂಗಾರಕ್ಕೆ ಸಲ್ಲದು.

ಇನ್ನು ದೇವದುರ್ಗದ ತಾಯಿಯವರಿಗೆ. ಅವ್ವಾ, ತಮ್ಮ ಅಂಜಿಕೆ ಸಹಜವಾದುದು. ಆದರೆ ಈ ಕೆಲವು ಎಚ್ಚರಗಳನ್ನು ಪಾಲಿಸಿದರೆ ತರಿಸಿಕೊಳ್ಳಲು ಅಡ್ಡಿಯಿಲ್ಲ. ಮೊದಲನೆಯದು, ಸುದ್ದಿಯನ್ನು ಮನೆಯೊಳಗೇ ಇಡುವುದು. ಪಾಟಲಿ ಬರುವ ದಿನವನ್ನು ಓಣಿಯವರಿಗೂ ಬಳೆಗಾರ್ತಿಗೂ ಹೇಳಬೇಕಾಗಿಲ್ಲ. ಬಂದ ಮೇಲೆ ಕೈಗೆ ಹಾಕಿ ತೋರಿಸಿದರೆ ಸಾಕು. ಎರಡನೆಯದು, ಮನೆಯಲ್ಲಿ ಗಂಡಸರಾಗಲಿ ತಿಳಿದವರಾಗಲಿ ಇರುವ ದಿನವನ್ನೇ ಗೊತ್ತುಮಾಡಿಸುವುದು. ಸೇವೆ ದೇವದುರ್ಗದವರೆಗೆ ಬಾರದಿದ್ದರೆ, ಇಲ್ಲವೆ ಹಳ್ಳಿಯಲ್ಲಿ ವಿಳಾಸ ಹುಡುಕುವುದು ಕಷ್ಟವೆನಿಸಿದರೆ, ರಾಯಚೂರಿನ ಬಂಧುಗಳ ಮನೆಗೋ ಕಂಪನಿಯ ಮಳಿಗೆ ಇರುವ ಊರಿಗೋ ತರಿಸಿ, ಮಗ ಬಂದಾಗ ಕೂಡಿ ಹೋಗಿ ತರುವುದು ಮೇಲು.

ಮೂರನೆಯದು, ಗುಪ್ತ ಸಂಖ್ಯೆ. ಪಾರ್ಸಲು ತಂದವನು ಮೊಬೈಲಿಗೆ ಬಂದ ಓ.ಟಿ.ಪಿ.ಯನ್ನು ಕೇಳುತ್ತಾನೆ. ಅದು ತಾವು ಪಡೆದುದಕ್ಕೆ ಸಹಿಯಿದ್ದಂತೆ. ಪೆಟ್ಟಿಗೆ ಕೈಯಲ್ಲಿ ಬಂದು, ಆರು ಮಗ್ಗುಲನ್ನೂ ತಿರುಗಿಸಿ ನೋಡಿ, ಅಂಟುಪಟ್ಟಿ ಹಸನಾಗಿರುವುದನ್ನು ಕಂಡು, ಸಾಧ್ಯವಾದರೆ ಮನೆಯ ತಕ್ಕಡಿಯಲ್ಲಿ ತೂಗಿ, ಆಮೇಲೆ ಹೇಳಬೇಕು. ಹರಿದಿದ್ದರೆ, ತೂಕದಲ್ಲಿ ವ್ಯತ್ಯಾಸವಿದ್ದರೆ ಸ್ವೀಕರಿಸದೆ ಹಿಂದಿರುಗಿಸಬೇಕು. ಹುಡುಗ ಬೇಸರಿಸಿಕೊಂಡರೂ ದಾಕ್ಷಿಣ್ಯ ಬೇಡ. ಫೋನಿನಲ್ಲಿ ಕೇಳಿದವರಿಗಂತೂ ಆ ಸಂಖ್ಯೆಯನ್ನು ಹೇಳಲೇಬಾರದು. "ನಿಮ್ಮ ಪಾರ್ಸಲು ತಡೆದಿದೆ, ವಿಳಾಸ ಸರಿಪಡಿಸಲು ಇಲ್ಲಿ ಒತ್ತಿ ಐದು ರೂಪಾಯಿ ಕಟ್ಟಿರಿ" ಎಂದು ಅಂಚೆಯವರ ಹೆಸರಿನಲ್ಲಿ ಬರುವ ಸಂದೇಶಗಳು ಬಲೆಗಳು. ಅದರಲ್ಲಿ ಸಿಕ್ಕಿ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ನಾಲ್ಕನೆಯದು, ಪೆಟ್ಟಿಗೆಯನ್ನು ತೆರೆಯುವಾಗ ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸುವುದು. ಮೊಮ್ಮಕ್ಕಳಿಗೆ ಹೇಳಿದರೆ ಸಂತೋಷದಿಂದ ಮಾಡುತ್ತಾರೆ. ಬಿಲ್ಲಿನಲ್ಲಿರುವ ತೂಕವನ್ನೂ ಒಡವೆಯ ತೂಕವನ್ನೂ ಕೂಡಿಸಿ ನೋಡಬೇಕು. ಅನಂತರ ಹಾಲ್‌ಮಾರ್ಕ್ ಗುರುತನ್ನು ಪರೀಕ್ಷಿಸಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಮಾಡಿದ ಚಿನ್ನದ ಒಡವೆಯ ಮೇಲೆ ಬಿ.ಐ.ಎಸ್. ಮುದ್ರೆ, ಶುದ್ಧತೆಯ ಅಂಕಿ, ಅದಕ್ಕಷ್ಟೇ ಮೀಸಲಾದ ಆರು ಅಂಕಿ-ಅಕ್ಷರಗಳ ಹೆಚ್.ಯು.ಐ.ಡಿ. ಎಂಬ ಮೂರೂ ಇರಬೇಕು. 22 ಕ್ಯಾರಟ್ ಆದರೆ 916 ಎಂದಿರುತ್ತದೆ. ಆ ಆರು ಗುರುತುಗಳನ್ನು "ಬಿ.ಐ.ಎಸ್. ಕೇರ್" ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ, ಯಾವ ಶುದ್ಧತೆಯದು ಎಂಬುದು ಕಾಣುತ್ತದೆ. ಈ ಗುರುತು ಶುದ್ಧತೆಗೆ ಮಾತ್ರವಲ್ಲ, ದಾರಿಯಲ್ಲಿ ಒಡವೆ ಬದಲಾಗಿಲ್ಲವೆಂಬುದಕ್ಕೂ ಸಾಕ್ಷಿ. ಆದುದರಿಂದ ಕೊಳ್ಳುವಾಗಲೇ ಅದನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಜಾಣತನ. ಬೆಳ್ಳಿಗೂ 2025ರ ಸೆಪ್ಟೆಂಬರಿನಿಂದ ಇಂಥದೇ ಗುರುತು ಬಂದಿದೆ. ಅದು ಕಡ್ಡಾಯವಲ್ಲದಿದ್ದರೂ, ಕರಡಿಗೆಯನ್ನು ಕೊಳ್ಳುವಾಗ ಆ ಗುರುತುಳ್ಳದ್ದನ್ನೇ ಕೇಳಬಹುದು.

ಇಷ್ಟಾಗಿಯೂ ಮೋಸವಾದರೆ ಗೋಳಾಡುತ್ತ ಕೂಡಬೇಕಾಗಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಇಂಥ ಪ್ರತಿಯೊಂದು ಕಂಪನಿಯೂ ದೂರು ಕೇಳುವ ಅಧಿಕಾರಿಯನ್ನು ನೇಮಿಸಿರಬೇಕು. ಅವರು 48 ಗಂಟೆಯೊಳಗೆ ದೂರು ಬಂದುದನ್ನು ಒಪ್ಪಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಸಹಾಯವಾಣಿ 1915. ನಮ್ಮ ಜಿಲ್ಲೆಯವರಿಗೆ ಈ ಅಂಕಿಯನ್ನು ನೆನಪಿಡುವುದು ಸುಲಭ. ಮಸ್ಕಿಯ ಶಾಸನ ಬೆಳಕಿಗೆ ಬಂದ ವರ್ಷವೇ ಅದು. ಕೊನೆಗೆ ಗ್ರಾಹಕರ ಆಯೋಗ ಇದ್ದೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮಾರಿದ ಕಂಪನಿ ಬೆಂಗಳೂರಿನಲ್ಲಿರಲಿ ಮುಂಬಯಿಯಲ್ಲಿರಲಿ, ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ದೇವದುರ್ಗದವರಿಗೂ ಮಾನ್ವಿಯವರಿಗೂ ಅದು ರಾಯಚೂರು. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಆದರೆ ಎರಡು ವರ್ಷದೊಳಗೆ ಹೋಗಬೇಕು, ಕಾಗದಗಳು ಕೈಯಲ್ಲಿರಬೇಕು.

ಕಾಗದವೆಂದೊಡನೆ ನಮ್ಮ ಜನ ಮುಖ ಸಣ್ಣದು ಮಾಡುತ್ತಾರೆ. "ನಮ್ಮವರೇ ಅಲ್ಲವೇ, ಕಾಗದ ಯಾಕೆ?" ಎನ್ನುವುದು ನಮ್ಮ ಸೌಜನ್ಯದ ಮಾತಾಗಿಬಿಟ್ಟಿದೆ. ಬಿಲ್ಲು ಕೇಳಿದರೆ ಅಪನಂಬಿಕೆ, ತೂಗಿ ನೋಡಿದರೆ ಅವಮಾನ ಎಂದು ಭಾವಿಸುತ್ತೇವೆ. ಅಕ್ಕನ ಮನೆಯಲ್ಲಿ ನಡೆದುದನ್ನು ಕಂಡ ಮೇಲೆ ನಮಗೆ ತೋರುವುದೇ ಬೇರೆ. ಅಂದು ಒಂದು ಸರಿಯಾದ ರಸೀದಿ ಇದ್ದಿದ್ದರೆ ಬಂಗಾರ ಹೋಗಿದ್ದರೂ ವಿಮೆಯ ಹಣ ಬರುತ್ತಿತ್ತು. ಒಂದು ಚಿತ್ರೀಕರಣ ಇದ್ದಿದ್ದರೆ ಎರಡು ಮನೆಗಳು ಒಂದನ್ನೊಂದು ಶಂಕಿಸುತ್ತಿರಲಿಲ್ಲ. ಕಾಗದವು ನಂಬಿಕೆ ಇಲ್ಲದವರ ಆಯುಧವಲ್ಲ. ನಂಬಿಕೆಯನ್ನು ಉಳಿಸಿಕೊಳ್ಳಬೇಕೆನ್ನುವವರ ಕಾವಲು. ಶರಣರು ಕಾಯಕದಲ್ಲಿ ಸತ್ಯಶುದ್ಧತೆಯನ್ನು ಕೇಳಿದರು. ಪಾರ್ಸಲಿನ ಚೀಟಿಯ ಮೇಲೆ ಒಳಗಿರುವ ವಸ್ತುವಿನ ನಿಜವಾದ ಹೆಸರನ್ನೂ ನಿಜವಾದ ಬೆಲೆಯನ್ನೂ ಬರೆಯುವುದು ಆ ಸತ್ಯಶುದ್ಧತೆಯಿಂದ ಹೊರತಾದುದಲ್ಲವೆಂದು ನಾವು ತಿಳಿದಿದ್ದೇವೆ.

ಅಳಿಯನ ಅಂಗಡಿ ಈಗಲೂ ನಡೆದಿದೆ. ಅಕ್ಕನ ಬಿಲ್ವಾರಗಳು ಮರುವರ್ಷದ ದೀಪಾವಳಿಗೆ ಬಿಡಿಸಿಕೊಂಡು ಬಂದವು. ಕಳೆದ ವಾರ ಅವನ ಅಂಗಡಿಗೆ ಹೋಗಿದ್ದಾಗ ತಕ್ಕಡಿಯ ಮುಂದೆ ಮೊಬೈಲನ್ನು ನಿಲ್ಲಿಸಿ ಒಂದು ಬೆಳ್ಳಿಯ ಕರಡಿಗೆಯನ್ನು ಕಟ್ಟುತ್ತಿದ್ದ. ಕಂದು ಪೆಟ್ಟಿಗೆ, ಮೇಲೆ ಎರಡೇ ಅಕ್ಷರಗಳ ಹೆಸರು. ಕಟ್ಟಿ ಮುಗಿಸಿ ರಸೀದಿಯನ್ನು ನಮ್ಮ ಕೈಗೆ ಕೊಟ್ಟು, "ಮಾಮಾ, ಸರಿ ಐತೇನು ನೋಡ್ರಿ" ಎಂದ. ವಸ್ತು ಬೆಳ್ಳಿಯೆಂದೂ ಬೆಲೆ ಇಷ್ಟೆಂದೂ ಸ್ಪಷ್ಟವಾಗಿ ಬರೆದಿತ್ತು. ಈ ಸಲ ಪೂರ್ತಿಯಾಗಿ ಓದಿದ ಮೇಲೆಯೇ ನಾವು ತಲೆದೂಗಿದೆವು.

ಹುಬ್ಬಳ್ಳಿಯ ಮನೆಯವರ ಹೆಸರಿಗೆ ನಾವೇ ಒಂದು ಪತ್ರವನ್ನು ಬರೆದಿದ್ದೇವೆ. ತಪ್ಪು ಅವರದಲ್ಲ, ಪಾಲು ನಮ್ಮದೂ ಇತ್ತೆಂದು ಒಪ್ಪಿಕೊಂಡಿದ್ದೇವೆ. ಉತ್ತರವನ್ನು ಎದುರು ನೋಡುತ್ತಿದ್ದೇವೆ.

ದೇವದುರ್ಗದ ಮೊಮ್ಮಗನ ದೀಕ್ಷೆಯೂ ಕಿರಿಯ ಸೊಸೆಯ ಮನೆತುಂಬುವ ಕಾರ್ಯವೂ ಸಾಂಗವಾಗಿ ನೆರವೇರಲಿ. ಮಾನ್ವಿಯ ಹಿರಿಯರಿಗೆ ಕಣ್ತುಂಬ ನಿದ್ರೆ ಬರಲಿ ಎಂದು ಹಾರೈಸಿ ವಿರಮಿಸುತ್ತೇವೆ. ಶರಣು.